ಎರಡು ಸುಳಿ

ಆ ದೊಡ್ಡ ದೊರೆ ಸತ್ತನೆಂದು
ಬ್ರೂಸ್‌ಪೇಟೆಯ ರೇಡಿಯೋದಿಂದ ಸುದ್ದಿ ಬಂದಾಗ
ಎರ್ರಿಸ್ವಾಮಿ ಮಾವನ ಕತ್ತಿ
ನಾಗಿಶೆಟ್ಟಿಯ ಬಲಗೆನ್ನೆಯ ಮೇಲಿತ್ತು.
ಎಡಗೆನ್ನೆ ನೊರೆಯಲ್ಲೇ ಒಣಗಿತು.
ಕೌಲ್ ಬಜಾರಿನ ಮೇ ತಿಂಗಳು. ನನಗೆ ಒಂಬತ್ತು ವರ್ಷ,
ನೀರಿನ ಬಟ್ಟಲು ಹಿಡಿಯುವುದು ನನ್ನ ಕೆಲಸ.

ನೆಲಮಾಳಿಗೆಯಲ್ಲಿ ಗುಂಡು ಹೊಡೆದುಕೊಂಡನಂತೆ.
ಅವನ ಮಂದಿಯೇ ಪೆಟ್ರೋಲು ಸುರಿದು ಸುಟ್ಟರಂತೆ.
"ಎಷ್ಟು ಡಬ್ಬಿ?" ಕೇಳಿದ ಮೋಕಾ ಬಸ್ಸಿನ ಹುಸೇನಿ,
ಇದ್ದಲಿನ ಒಲೆಯನ್ನು ಬಸ್ಸಿನ ಬೆನ್ನಿಗೆ ಕಟ್ಟಿಕೊಂಡು
ಮೂರು ವರ್ಷದಿಂದ ಕೆಮ್ಮುತ್ತಿದ್ದವನು.
"ಕೂಪನ್ ಇಲ್ದ ಯಾರು ಕೊಟ್ರು?"

ಅಲ್ಲಿಂದ ಶುರು.
ಹಾಲುತುಪ್ಪದ ದಿನಕ್ಕೆ ಸರಿಯಾಗಿ
ದೊರೆ ಎದ್ದು ಕೂತ.
ಸುಟ್ಟದ್ದು ಅವನಂಥವನನ್ನು, ಅವನನ್ನಲ್ಲ.
ನೀರೊಳಗಿನ ಹಡಗು ಹತ್ತಿದನಂತೆ,
ಹೆಸರಿಲ್ಲದ ದೇಶದಲ್ಲಿ ದನ ಸಾಕಿದ್ದಾನಂತೆ.
ಗುಂತಕಲ್ ಜಂಕ್ಷನ್ನಿನಲ್ಲಿ ಚಹಾ ಕುಡಿದು
ಚಿಲ್ಲರೆ ಬಿಟ್ಟುಹೋದ ಬಿಳಿಯನಿಗೆ
ಮೀಸೆ ಇರಲಿಲ್ಲ, ಅದೇ ಗುರುತು.
ಅಲ್ಲೀಪುರದ ಜೈಲಿಗೆ ಕಾಯಿಪಲ್ಲೆ ಹಾಕುವ ಬುಡ್ಡಯ್ಯ
ದನಿ ತಗ್ಗಿಸಿದ: "ಒಬ್ಬ ಹೆಚ್ಚಿಗಿ ಉಣ್ತಾನ. ಲೆಕ್ಕದಾಗಿಲ್ಲ."
ಎದುರಿಗೇ ಕುಂಬಾರ ಗುಡ್ಡ,
ಇಳಿಹೊತ್ತಿನಲ್ಲಿ ಅಂಗಾತ ಬಿದ್ದ ಮೋರೆ.
ಸತ್ತದ್ದೋ ಮಲಗಿದ್ದೋ,
ಹುಟ್ಟಿದಾಗಿನಿಂದ ನೋಡಿದವರೂ ಹೇಳಲಾರರು.

ಮಾವ ನಗುತ್ತಿದ್ದ, ಕತ್ತಿಯನ್ನು ಚರ್ಮದ ಪಟ್ಟಿಗೆ ಎಳೆಯುತ್ತ:
"ಮೀಸಿ ತಗದ್ರ ಅವ ಯಾರು?
ಅವ ಆಗೋರು ದಿನಕ್ಕ ಮೂರು ಮಂದಿನಾರ
ಈ ಕುರ್ಚಿ ಮ್ಯಾಗ ಕೂಡ್ತಾರ.
ರಾಜ್ಯ ಸಿಕ್ಕಿಲ್ಲ, ಸುಮ್ಕದಾರ."

ಸುಂಕಮ್ಮ ಮಾತ್ರ ನಗಲಿಲ್ಲ.
ಮಗ ಪಂಪಾಪತಿಯ ಬಗ್ಗೆ ಬಂದ ತಂತಿಯಲ್ಲಿ
ಸತ್ತ ಎಂದಿರಲಿಲ್ಲ, ಕಾಣೆ ಎಂದಿತ್ತು.
ಯಾವ ಮರಳೋ, ಯಾವ ಕಾಡೋ,
ಓದಿ ಹೇಳಿದ ಅಂಚೆಯ ಖಾಜಾಸಾಬನ ನಾಲಿಗೆಗೆ
ಆ ಊರಿನ ಹೆಸರು ಹೊರಳಿರಲಿಲ್ಲ.
ಬುಟ್ಟಿಯ ಮಿರ್ಚಿ ಆರಲು ಬಿಟ್ಟು
ಅಂಗಡಿಯ ಕಟ್ಟೆಗೆ ಕೂತು
ದೊರೆಯ ಒಂದೊಂದು ಸುದ್ದಿಯನ್ನೂ ಕೇಳಿಸಿಕೊಳ್ಳುತ್ತಿದ್ದಳು.
ಅವನು ಬದುಕಿರಲಿ ಎಂದು ದುರ್ಗಮ್ಮನಿಗೆ ಹರಕೆ ಹೊತ್ತವಳು
ಇಡೀ ಬಳ್ಳಾರಿಯಲ್ಲಿ ಅವಳೊಬ್ಬಳೇ.

"ಅಷ್ಟು ಮಂದಿ ನಿಂತು ಸುಟ್ಟವನೇ ಎದ್ದು ಬಂದ್ರ
ಯಾರೂ ಸುಡದ ನನ್ ಮಗ ಯಾಕ ಬರಬಾರ್ದು?"

ಬಟ್ಟಲಿನ ನೀರು ನನ್ನ ಕೈಯಲ್ಲಿ ತುಳುಕಿತು.

"ಅವನ ಜವಳ ತಗದೋನು ನೀನು.
ತಲಿ ನೆನಪೈತೇನು?"
"ಎರಡು ಸುಳಿ," ಅಂದ ಮಾವ. "ಒಂದು ಎಡಕ್ಕ ತಿರುಗಿತ್ತು."
"ಎರಡು ಮದಿವಿ ಅಂದಿದ್ದಿ."
"ಅಂದಿದ್ದೆ."

ಆಮೇಲೆ ಬಾವುಟ ಬದಲಾಯಿತು,
ಬಳ್ಳಾರಿ ಯಾರದೆಂಬ ಜಗಳ ಬಂತು, ಮುಗಿಯಿತು.
ದೊರೆಯನ್ನು ಮಾತ್ರ ಒಬ್ಬರಲ್ಲ ಒಬ್ಬರು
ಎಲ್ಲಾದರೂ ನೋಡುತ್ತಲೇ ಇದ್ದರು.
ಹಲ್ಲು ಸಿಕ್ಕಿತು ಎಂದರು, ಹಲ್ಲು ಅವನದಲ್ಲ ಎಂದರು.
ಪಂಪಾಪತಿಯನ್ನು ಯಾರೂ ಎಲ್ಲೂ ಕಾಣಲಿಲ್ಲ.
ಒಬ್ಬ ಸಿಪಾಯಿಯ ಪಾಲಿಗೆ
ಸುಳ್ಳು ಹೇಳುವುದಕ್ಕೂ ಜನ ಸಾಲದು.

ಆದರೆ ನಾನು ನೋಡಿದ್ದೇನೆ.
ಪರವೂರಿನವನು ಯಾರೇ ಕುರ್ಚಿಗೆ ಕೂರಲಿ,
ಬರೀ ಗಡ್ಡಕ್ಕೆ ಬಂದವನಿರಲಿ,
ಮಾವನ ಬೆರಳು ತಾನಾಗಿ ಹಿಂದಲೆಗೆ ಹೋಗಿ
ಕೂದಲು ಬಗೆದು
ಒಂದು ಗಳಿಗೆ ನಿಲ್ಲುತ್ತಿತ್ತು.

"ಏನು ಹುಡುಕ್ತೀಯಪ್ಪ?"
"ಏನಿಲ್ಲ," ಅನ್ನುತ್ತಿದ್ದ,
"ಹೊಟ್ಟು ಭಾಳ ಐತಿ."